ಏಳು ಸಾಸಿವೆ ಬಂಟರು

ಹಿಂದೆ, ಹಿಂದೆ ಅಂದರೆ ನಮ್ಮ ಮುತ್ತಜ್ಜನ ಮುತ್ತಜ್ಜನೂ ಹುಟ್ಟುವ ಮೊದಲು, ಹೊನ್ನಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ತಟ್ಟೆಯೂ ಚಿನ್ನ, ಲೋಟವೂ ಚಿನ್ನ. ರಾಜಮನೆತನದವರ ಮೈಗೆ ಕಬ್ಬಿಣ ಸೋಕಬಾರದೆಂಬುದು ಅವರ ಕಟ್ಟಳೆ. ಉಗುರು ಕತ್ತರಿಸುವುದಕ್ಕೂ ಬೆಳ್ಳಿಯ ಕತ್ತರಿಯೇ ಆಗಬೇಕು!

ಒಂದು ದಿನ ತೋಟದಲ್ಲಿ ಆಡುತ್ತಿದ್ದ ರಾಜಕುಮಾರಿ ಮುತ್ತಾಂಬೆಯ ಹಿಮ್ಮಡಿಗೆ ಮುಳ್ಳೊಂದು ಹೊಕ್ಕಿತು. ಅದು ಬರಿಯ ಮುಳ್ಳಲ್ಲ. ಕರಿಜಾಲ ಎಂಬ ಮಾಂತ್ರಿಕ ತನ್ನ ಪ್ರಾಣವನ್ನೇ ಅದರಲ್ಲಿ ಬಚ್ಚಿಟ್ಟು ನೆಟ್ಟಿದ್ದ. ಮುಳ್ಳು ನೆತ್ತರಿನ ದಾರಿ ಹಿಡಿದು ಮೇಲೇರತೊಡಗಿತು.

"ಅಮಾವಾಸ್ಯೆಗೆ ಎದೆ ಮುಟ್ಟುತ್ತದೆ. ರಾಜ್ಯ ಕೊಟ್ಟರೆ ಕೀಳುತ್ತೇನೆ," ಎಂದು ಮಾಂತ್ರಿಕ ಕೋಟೆಯ ಹೊರಗೆ ಕೂತು ನಕ್ಕ.

"ಹೊರಗಿನಿಂದ ಕೊಯ್ದರೆ ಮಗು ಉಳಿಯದು, ಮಹಾಪ್ರಭು," ಎಂದು ರಾಜವೈದ್ಯರು ಕೈಚೆಲ್ಲಿದರು.

ಆಗ ಅಕ್ಕಸಾಲಿಗ ಮೋನಾಚಾರಿಯ ಮಗಳು ಕಾಳಮ್ಮ ಮುಂದೆ ಬಂದಳು. ಅವಳ ಕೈ ಎಂಥದ್ದೆಂದರೆ, ಸಾಸಿವೆಯಷ್ಟು ಗೊಂಬೆ ಮಾಡಿ ಊದುಕೊಳವೆಯಿಂದ ಒಮ್ಮೆ ಊದಿದರೆ ಸಾಕು, ಅದು ಎದ್ದು ನಡೆಯುತ್ತಿತ್ತು.

"ಒಳಗೇ ಹೋಗಿ ಮುಳ್ಳು ಕಿತ್ತು ತರುವ ಬಂಟರನ್ನು ಮಾಡಿಕೊಡುತ್ತೇನೆ, ಮಹಾಪ್ರಭು."

"ಚಿನ್ನದಲ್ಲೇ ಮಾಡಬೇಕು!" ಎಂದ ಮಂತ್ರಿ.

ಕಾಳಮ್ಮ ಮಾಡಿದ ಏಳು ಚಿನ್ನದ ಬಂಟರು ಹಿಮ್ಮಡಿಯ ಗಾಯದಿಂದ ಒಳಹೊಕ್ಕರು. ಆದರೆ ಸಾಸಿವೆಯಷ್ಟು ಮೈಯಲ್ಲಿ ಕಣ್ಣಿಗೆಲ್ಲಿ ಜಾಗ? ದಾರಿ ತಪ್ಪಿ ಬರಿಗೈಯಲ್ಲಿ ಮರಳಿದರು. ಮುಳ್ಳು ಮೊಣಕಾಲು ದಾಟಿತು. ಏಳು ಬೆಳ್ಳಿಯ ಬಂಟರು ಹೋದರು. ಅವರೂ ದಾರಿ ತಪ್ಪಿ ಬರಿಗೈಯಲ್ಲಿ ಮರಳಿದರು. ಮುಳ್ಳು ಸೊಂಟ ದಾಟಿತು. ಅಮಾವಾಸ್ಯೆಗೆ ಇನ್ನು ಒಂದೇ ದಿನ.

ಕಾಳಮ್ಮ ಅಳುತ್ತ ಅಪ್ಪನ ಅಂಗಡಿಗೆ ಬಂದಳು. ಮೋನಾಚಾರಿ ದಿನದಂತೆ ಚಿನ್ನದ ಪುಡಿಯ ಮೇಲೆ ಸೂಜಿಗಲ್ಲು ಆಡಿಸುತ್ತಿದ್ದ. ಅರದಿಂದ ಉದುರಿದ ಕಬ್ಬಿಣದ ಚೂರುಗಳು ಹಾರಿಬಂದು ಕಲ್ಲಿಗೆ ಅಂಟುತ್ತಿದ್ದವು. ಚಿನ್ನ ಮಾತ್ರ ಬಿದ್ದಲ್ಲೇ ಬಿದ್ದಿತ್ತು.

ಅವಳ ಅಳು ನಿಂತಿತು. "ಅಪ್ಪಾ, ಚಿನ್ನ ಕರೆದ್ರೆ ಬರಲ್ಲ, ಕಬ್ಬಿಣ ಬರುತ್ತೆ!"

"ಮೂವತ್ತು ವರ್ಷದಿಂದ ದಿನಾ ನೋಡ್ತಿದೀನಿ, ನನಗೆ ಹೊಳೀಲಿಲ್ವಲ್ಲ ಮಗಳೇ!"

ಏಳು ಕಬ್ಬಿಣದ ಬಂಟರನ್ನು ಕಂಡು ಮಂತ್ರಿ ಕೆರಳಿದ. "ರಾಜಕುಮಾರಿಯ ಮೈಗೆ ಕಬ್ಬಿಣವೇ? ತಲೆ ಹೋದೀತು!"

"ನನ್ನ ತಲೆ ಹೋದರೆ ಹೋಗಲಿ ಬುದ್ಧೀ, ಮಗು ಉಳಿಯಲಿ."

ರಾಜ ಕಟ್ಟಳೆಯನ್ನು ಬದಿಗಿಟ್ಟು ಮಗಳ ಕಾಲನ್ನು ತಾನೇ ಹಿಡಿದುಕೊಂಡ.

ಕಾಳಮ್ಮ ಬಂಟರನ್ನು ಗಾಯದೊಳಗೆ ಬಿಟ್ಟು, ಸೂಜಿಗಲ್ಲನ್ನು ಹಿಮ್ಮಡಿಯಿಂದ ಮೆಲ್ಲಗೆ ಮೇಲಕ್ಕೆ ಸರಿಸಿದಳು. ಒಳಗೆ ಬಂಟರು ಕಲ್ಲು ಹೋದಲ್ಲಿ ಹೋದರು. ಮೊಣಕಾಲು ದಾಟಿದರು, ಸೊಂಟ ದಾಟಿದರು, ಎದೆಯ ಹೊಸ್ತಿಲಲ್ಲಿ ಏಳೂ ಜನ ಮುಳ್ಳನ್ನು ತಬ್ಬಿ ಹಿಡಿದರು. ಕಲ್ಲು ಕೆಳಕ್ಕೆ ಸರಿದಂತೆ ಬಂದ ದಾರಿಯಲ್ಲೇ ಎಳೆದು ತಂದರು. ಕಾಳಮ್ಮ ಮುಳ್ಳನ್ನು ಬೆಂಕಿಗೆ ಎಸೆದಳು. ಕೋಟೆಯ ಹೊರಗೆ ನಗುತ್ತಿದ್ದ ಕರಿಜಾಲ ಕೂತಲ್ಲೇ ಬೂದಿಯಾದ.

ಮುತ್ತಾಂಬೆ ಕಣ್ಣುಬಿಟ್ಟು, "ಅಪ್ಪಾಜಿ, ಹಸಿವು," ಎಂದಳು.

ರಾಜ ಕಣ್ಣೊರೆಸಿಕೊಂಡು ಕಾಳಮ್ಮನ ಕಡೆ ತಿರುಗಿದ. "ಏನು ಬೇಕು ಕೇಳು ತಾಯಿ."

"ನನ್ನ ಬಂಟರು ಕೂರಲು ಒಂದು ಒಳ್ಳೆಯ ಜಾಗ," ಎಂದಳು ಕಾಳಮ್ಮ, ತಲೆಯೆತ್ತಿ.

ರಾಜ ತನ್ನ ಕಿರೀಟವನ್ನೇ ತೆಗೆದು ಅವಳ ಕೈಗಿತ್ತ. ಅವಳು ನಡುವಿನ ವಜ್ರ ಕಿತ್ತು ಅಲ್ಲಿ ಏಳು ಬಂಟರನ್ನು ಕೂರಿಸಿದಳು. ಮೊದಲು ಕೈಮುಗಿದವನು ಮಂತ್ರಿಯೇ! ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. "ನನ್ನ ಮಗಳು ಮಾಡಿದ್ದು," ಎಂದು ಮೋನಾಚಾರಿ ಬೀದಿಬೀದಿಯಲ್ಲಿ ಹೇಳಿಕೊಂಡು ತಿರುಗಿದ. ಹೇಳಲಿ ಬಿಡಿ, ಹೇಳಬೇಕಾದ ಮಾತೇ.

ಹೊನ್ನಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರು. ಮುಂದೆ ಪಟ್ಟಕ್ಕೆ ಬಂದ ಮುತ್ತಾಂಬೆ, ತಲೆಯ ಮೇಲೆ ಕಬ್ಬಿಣ ಹೊತ್ತೇ ನಾಡನ್ನು ಆಳಿದಳು.