ಸಣ್ಣಬೀರಪ್ಪನ ದನಿ ಕಳೆದದ್ದು

"ನನ್ನ ಮಗನ ದನಿ ಒರಸಾಕ್ಬಿಟ್ಟವ್ನೆ ಕಣ್ರವ್ವಾ, ಆ ಪಾಷಾ!"

ಎಪ್ಪತ್ತೊಂಬತ್ತರ ಒಂದು ಬೆಳಿಗ್ಗೆ ಯಗಟಿಯ ಕರಿಯಮ್ಮ ಹೀಗೆ ಅಳುತ್ತ ವಿಶಾಲಾಕ್ಷಮ್ಮನವರ ಜಗಲಿ ಹತ್ತಿದಳು. ಹಣೆ ಚಚ್ಚಿಕೊಂಡರೆ ಬೆಳ್ಳಿ ಕಡಗ ಮೊಣಕೈವರೆಗೆ ಜಾರುತ್ತಿತ್ತು. ಹಿಂದೆ ಸೊಸೆ ಹಾಲಮ್ಮ, ತಲೆಯ ಮೇಲೆ ಹಳೆಯ ಸ್ಪೂಲ್ ಟೇಪ್‌ರೆಕಾರ್ಡರ್.

ವಿಶಾಲಾಕ್ಷಮ್ಮನವರು ಕಡೂರಿನ ನಿವೃತ್ತ ಹೆಡ್‌ಮಿಸ್ಟ್ರೆಸ್. ಬಿ.ಎ. ಮುಗಿಸಿ ಕೆಲಸವಿಲ್ಲದ ನಾನು ಅವರ ಬಾಡಿಗೆದಾರ. ಪೊಲೀಸರಿಗೆ ಹೇಳಲಾಗದ ಗೋಜಲುಗಳನ್ನು ಜನ ಅವರಲ್ಲಿಗೆ ತರುತ್ತಿದ್ದರು.

ಕರಿಯಮ್ಮನ ಮಗ, ಹಾಲಮ್ಮನ ಗಂಡ ಸಣ್ಣಬೀರಪ್ಪ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಮೈಕ್ ಪರೀಕ್ಷಿಸುವಾಗ ಆಡಿದ ಒಂದು ಮಾತಷ್ಟೇ ಟೇಪಿನಲ್ಲಿ ಉಳಿದಿತ್ತು: "ಹಲೋ, ಹಲೋ... ಅವ್ವಾ, ಮುದ್ದೆ ಇಕ್ಕಿರು, ಬತ್ತೀನಿ." ಯಂತ್ರ ಕೆಟ್ಟಿತೆಂದು ಕಡೂರಿನ ರೇಡಿಯೋ ರಿಪೇರಿ ಅಂಗಡಿಯ ಮುನೀರ್ ಪಾಷಾ ಬಿಚ್ಚಿ ಸರಿಮಾಡಿದ್ದ. ಮನೆಗೆ ತಂದ ದಿನ ಕರೆಂಟಿರಲಿಲ್ಲ. ಮಾರನೆಯ ದಿನ ಹಾಕಿದರೆ ಬರೀ ಸುಯ್ಯೆನ್ನುವ ಸದ್ದು.

ಎಲ್ಲರೂ ಪಾಷಾನ ಅಂಗಡಿಗೆ ಹೋದೆವು.

"ಬೆಲ್ಟ್ ಹಾಕಿ ನನ್ನ ಟೇಪಲ್ಲೇ ಟೆಸ್ಟ್ ಮಾಡ್ದೆ ಅಮ್ಮ. ಇದರ ಸ್ಪೂಲ್ ಮುಟ್ಲೇ ಇಲ್ಲ. ಬೀರಪ್ಪ ನನ್ನ ದೋಸ್ತ್!" ಎನ್ನುತ್ತ ಪಾಷಾ ಸ್ಕ್ರೂಗಳನ್ನು ಮತ್ತೆ ಕಳಚಿದ. ಒಳಗೆ ಹೊಸ ಬೆಲ್ಟ್, ಕೆಟ್ಟದ್ದೇನೂ ಇರಲಿಲ್ಲ.

ವಿಶಾಲಾಕ್ಷಮ್ಮ ಮಾತ್ರ ಸ್ಪೂಲನ್ನು ಬೆಳಕಿಗೆ ಹಿಡಿದಿದ್ದರು. ಬಿಚ್ಚಿಕೊಳ್ಳದಂತೆ ಅದಕ್ಕೆ ಕಪ್ಪು ಉಣ್ಣೆಯ ಎಳೆ ಕಟ್ಟಿತ್ತು.

"ಮನೆಯಲ್ಲಿ ಉಣ್ಣೆ ನೂಲೋದು ಯಾರು, ಕರಿಯಮ್ಮ?"

"ಇವ್ಳೇ. ನಂಗೆಲ್ಲಿ ಎಳೆ ಕಾಣ್ತದೆ?"

"ರಾತ್ರಿ ಏನು ಉಂಡೆ?"

ಕರಿಯಮ್ಮ ಕಡಗದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಹಾಲಮ್ಮನ ತಲೆ ತಗ್ಗಿದ್ದನ್ನು ನಾನೂ ಕಂಡೆ.

"ಪಾಷಾನ ತಪ್ಪಿಲ್ಲ," ಎಂದರು ವಿಶಾಲಾಕ್ಷಮ್ಮ. "ದನಿ ಇರೋದು ಟೇಪಿನ ಮಂಕು ಮಗ್ಗುಲಲ್ಲಿ. ಯಂತ್ರಕ್ಕೆ ಅದು ತಾಗಬೇಕು. ಇಲ್ಲಿ ಹೊಳಪಿನ ಮಗ್ಗುಲು ತಾಗ್ತಿದೆ. ಯಾರೋ ಮಗುಚಿ ಸುತ್ತಿದಾರೆ. ಅಳಿಸಬೇಕಿದ್ರೆ ರೆಕಾರ್ಡ್ ಮಾಡೋ ಕೆಂಪು ಗುಂಡಿ ಒತ್ತಿದ್ರೆ ಸಾಕಿತ್ತು. ಒತ್ತಿಲ್ಲ. ದನಿ ಕೇಳಿಸಬಾರದು, ಆದರೆ ಹೋಗಲೂಬಾರದು ಅನ್ನೋರ ಕೆಲಸ ಇದು. ಉಣ್ಣೆ ಎಳೆ ನೂಲೋ ಕೈಯದು. ಯಾಕೆ ಅನ್ನೋದನ್ನ ಸೊರಗಿದ ಕೈಯಲ್ಲಿ ಜಾರೋ ಆ ಕಡಗ ಹೇಳ್ತು."

ಹಾಲಮ್ಮ ಸೆರಗಿನ ತುದಿ ಹಿಂಡಿದಳು. "ದಿನಾ ಸಂಜೆ ಆ ಮಾತು ಕೇಳಿ ಅತ್ತೆ ನಮ್ಮ ಯಜಮಾನ್ರು ಉಣ್ಣೋ ತಣಿಗೆಗೆ ಮುದ್ದೆ ಇಕ್ಕೋರು. ಮಗ ಉಣ್ದೆ ತಾವು ಉಣ್ತಿರ್ಲಿಲ್ಲ. ಮಿಷನ್ ರಿಪೇರಿಗೆ ಹೋದಾಗ ಒಂದಿಷ್ಟು ಉಂಡ್ರು. ಅದ್ಕೇ... ಟೇಪು ಮಗುಚ್ಕಂಡ್ರೆ ದನಿ ಬರಲ್ಲ ಅಂತ ಒಂದ್ಸಲ ನಮ್ಮ ಯಜಮಾನ್ರೇ ರೇಗಾಡಿದ್ರು. ಒರಸಕ್ಕೆ ನಂಗೂ ಕೈ ಬರ್ಲಿಲ್ಲಮ್ಮ. ಈಗ್ಲೂ ಉಣ್ತಿಲ್ಲ, ದನಿ ಹೋಯ್ತಂತ."

ಪಾಷಾ ಟೇಪನ್ನು ನೇರ ಮಾಡಿ, ಸುತ್ತಿ, ಹಾಕಿದ.

"ಹಲೋ, ಹಲೋ... ಅವ್ವಾ, ಮುದ್ದೆ ಇಕ್ಕಿರು, ಬತ್ತೀನಿ."

ಕರಿಯಮ್ಮ ಎದ್ದು ನಿಂತಳು. ಕೈ ತಣಿಗೆ ಹುಡುಕಿತು; ಸಿಕ್ಕಿದ್ದು ಬಿಚ್ಚಿಟ್ಟ ಸ್ಕ್ರೂಗಳು. ಅವನ್ನು ಒಂದೊಂದಾಗಿ ಪಾಷಾನ ಮುಂದೆ ಎತ್ತಿಟ್ಟಳು.

"ಅವ್ನು ಬರಲ್ಲ, ಅಲ್ವೇನೇ?"

ಹಾಲಮ್ಮ ತಲೆಯಾಡಿಸಿದಳು.

ಮುದುಕಿ ಸೊಸೆ ತಂದಿದ್ದ ಬುತ್ತಿಯ ಗಂಟು ಬಿಚ್ಚಿ ರಾಗಿರೊಟ್ಟಿ ಮುರಿದಳು. ಒಂದು ಚೂರು ಸೊಸೆಗೆ, ಒಂದು ಪಾಷಾನಿಗೆ. "ತಗಳ್ಳಪ್ಪ. ಸುಮ್ಸುಮ್ನೆ ಬೈದೆ."

"ಕಾಯಿಚಟ್ನಿ ಇಲ್ವಾ ಅವ್ವಾ?"

"ಬೈಸ್ಕಂಡಿದ್ದಕ್ಕೆ ಚಟ್ನಿ ಬೇರೆನಾ ನಿಂಗೆ!"

ಉಳಿದ ಚೂರನ್ನು ತನ್ನ ಬಾಯಿಗಿಟ್ಟುಕೊಂಡಳು. ಟೇಪು ಮುಗಿದು ಅದರ ತುದಿ ಪಟಪಟ ಬಡಿಯುತ್ತಿತ್ತು. ಅವಳು ತಿಂದು ಮುಗಿಸುವವರೆಗೆ ನಾವು ಯಾರೂ ಅದನ್ನು ನಿಲ್ಲಿಸಲಿಲ್ಲ.