ಶನಿವಾರದ ಅದಲುಬದಲು

"ಈ ಕಿಟಕಿ ನಂದು. ಆ ಗೋಡೆನೂ ನಂದು. ನಿನ್ನ ಡೈನೋಸಾರ್‌ಗಳನ್ನೆಲ್ಲ ಇವತ್ತೇ ಖಾಲಿ ಮಾಡ್ಬೇಕು," ಎಂದಳು ಕಡ್ಡಿ.

"ಯಾಕೆ?" ಎಂದ ಜೀರುಂಡೆ.

"ನೀನು ಅಪ್ಪನ ಮನೆಗೆ ಹೋಗ್ತೀಯಲ್ಲ, ಅದಕ್ಕೆ. ಇನ್ಮೇಲೆ ಇದು ನನ್ನೊಬ್ಬಳದೇ ರೂಮ್!"

ಕಡ್ಡಿ ಎನ್ನುವುದು ಅವಳ ನಿಜವಾದ ಹೆಸರಲ್ಲ. ತೆಳ್ಳಗೆ ಉದ್ದಕ್ಕೆ ಇದ್ದಾಳೆಂದು ಅಪ್ಪ ಹಾಗೆ ಕರೆಯುತ್ತಿದ್ದ. ತಮ್ಮನಿಗೆ ಜೀರುಂಡೆ ಎಂದು ಹೆಸರಿಟ್ಟವಳು ಅವಳೇ. ಬೆಳಗ್ಗೆ ಕಣ್ಣು ಬಿಟ್ಟ ಗಳಿಗೆಯಿಂದ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಅವಳಿಗೆ ಹತ್ತು ವರ್ಷ, ಅವನಿಗೆ ಆರು.

ಅಪ್ಪ ಅಮ್ಮ ಬೇರೆಯಾಗುತ್ತಿದ್ದರು. ಅದನ್ನು ಅವರೇ ಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು. "ನಾವು ಇನ್ನು ಗಂಡ ಹೆಂಡತಿ ಆಗಿರಲ್ಲ. ಆದ್ರೆ ನಿಮಗೆ ಅಪ್ಪ ಅಮ್ಮ ಆಗಿ ಇದ್ದೇ ಇರ್ತೀವಿ. ಇದರಲ್ಲಿ ನಿಮ್ಮ ತಪ್ಪು ಒಂದು ಚೂರೂ ಇಲ್ಲ." ಆ ದಿನ ಕಡ್ಡಿಗೆ ಊಟ ಸೇರಲಿಲ್ಲ. ಜೀರುಂಡೆ ಮಾತ್ರ, "ಎರಡು ಮನೆ ಅಂದ್ರೆ ಎರಡು ಟಿವಿನಾ?" ಎಂದು ಕೇಳಿ ಅಮ್ಮನನ್ನು ಅಳುವಿನ ನಡುವೆಯೇ ನಗಿಸಿದ್ದ.

ಇದೆಲ್ಲ ನಾಲ್ಕು ತಿಂಗಳ ಹಿಂದಿನ ಮಾತು. ಲಿಫ್ಟ್ ರಿಪೇರಿ ಮಾಡುವ ಅಪ್ಪ ಈಗ ಪಟ್ಟಣದ ಆ ತುದಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುವ ಅಮ್ಮ ಇದೇ ಮನೆಯಲ್ಲಿ ಉಳಿದಿದ್ದಳು. ಫ್ರಿಜ್ಜಿನ ಬಾಗಿಲಿಗೆ ಮೂರು ಹಾಳೆಯ ಒಂದು ಕಾಗದ ನೇತಾಡುತ್ತಿತ್ತು. ಅಪ್ಪನ ಲಾಯರ್, ಅಮ್ಮನ ಲಾಯರ್ ಇಬ್ಬರೂ ಸೇರಿ ಬರೆದದ್ದು. ಅದರಲ್ಲಿ ಸಾಲು ಸಾಲಿಗೂ 'ಕಸ್ಟಡಿ' ಎಂಬ ಪದ ಇತ್ತು.

"ಕಸ್ಟಡಿ ಅಂದ್ರೆ ಮಕ್ಕಳು ಯಾರ ಜೊತೆ ಇರ್ತಾರೆ, ಯಾರು ಅವರನ್ನ ನೋಡ್ಕೋತಾರೆ ಅಂತ," ಎಂದು ಅಮ್ಮ ಬಿಡಿಸಿ ಹೇಳಿದ್ದಳು. "ನೀನು ನನ್ನ ಹತ್ರ, ತಮ್ಮ ಅಪ್ಪನ ಹತ್ರ. ಶನಿವಾರ ಭಾನುವಾರ ನೀನು ಅಪ್ಪನ ಮನೆಗೆ ಹೋಗ್ತೀಯ, ಅವನು ಇಲ್ಲಿಗೆ ಬರ್ತಾನೆ. ಬರೋ ಮಂಗಳವಾರ ಎಲ್ಲರೂ ಸೈನ್ ಹಾಕ್ತೀವಿ. ಆಮೇಲೆ ಜಡ್ಜ್ ನೋಡಿ ಆರ್ಡರ್ ಮಾಡ್ತಾರೆ."

ಜೀರುಂಡೆ ಡೈನೋಸಾರ್‌ಗಳನ್ನು ಚೀಲಕ್ಕೆ ತುಂಬುತ್ತಿದ್ದಂತೆ ಕಡ್ಡಿ ತನ್ನ ಹೊಸ ರೂಮಿಗೆಂದು ಕ್ಯಾಲೆಂಡರ್ ಒಂದನ್ನು ಹರಡಿಕೊಂಡು ಕೂತಳು. ಗೆಳತಿಯರನ್ನು ಯಾವತ್ತು ಕರೆಯಬಹುದು ಎಂದು ನೋಡಬೇಕಿತ್ತು. ಒಂದೊಂದು ದಿನದ ಚೌಕವನ್ನೂ ಅಡ್ಡಗೆರೆ ಎಳೆದು ಎರಡು ಮಾಡಿದಳು. ಮೇಲಿನದು ಅಮ್ಮನ ಮನೆ, ಕೆಳಗಿನದು ಅಪ್ಪನ ಮನೆ. ನೀಲಿ ಚುಕ್ಕಿ ತಾನು, ಕೆಂಪು ಚುಕ್ಕಿ ತಮ್ಮ.

ಸೋಮವಾರದಿಂದ ಶುಕ್ರವಾರದವರೆಗೆ ನೀಲಿ ಮೇಲೆ, ಕೆಂಪು ಕೆಳಗೆ. ಶನಿವಾರ ಭಾನುವಾರ ಕೆಂಪು ಮೇಲೆ, ನೀಲಿ ಕೆಳಗೆ. ಹಾಡು ಹೇಳಿಕೊಂಡು ಒಂದು ತಿಂಗಳು ಮುಗಿಸಿದಳು. ಎರಡನೇ ತಿಂಗಳ ಅರ್ಧದಲ್ಲಿ ಹಾಡು ನಿಂತಿತು.

ಎಲ್ಲೂ ಎರಡು ಚುಕ್ಕಿ ಒಂದೇ ಮನೆಯಲ್ಲಿ ಇರಲಿಲ್ಲ.

ಅವಳು ದಡಬಡ ಹಾಳೆ ತಿರುವಿದಳು. ದೊಡ್ಡ ರಜೆಗೆ ಬಂದಳು. ಕಾಗದದಲ್ಲಿ ಅದಕ್ಕೂ ಒಂದು ಸಾಲು ಇತ್ತು. ರಜೆಯ ಮೊದಲ ಅರ್ಧ ಮಗಳು ತಂದೆಯ ಬಳಿ, ಮಗ ತಾಯಿಯ ಬಳಿ. ಉಳಿದ ಅರ್ಧ ಇದರ ಅದಲುಬದಲು. ಅಲ್ಲೂ ಅದೇ ಕತೆ. ಶಾಲೆಯಲ್ಲಿ ನೋಡೋಣ ಎಂದರೆ ಜೀರುಂಡೆಯನ್ನು ಅಪ್ಪನ ಮನೆ ಹತ್ತಿರದ ಶಾಲೆಗೆ ಸೇರಿಸುವವರಿದ್ದರು. ಇಡೀ ವರ್ಷದಲ್ಲಿ ಅಕ್ಕ ತಮ್ಮ ಸಿಗುವುದು ಗೇಟಿನಲ್ಲಿ ಮಾತ್ರ. ಶನಿವಾರ ಬೆಳಗ್ಗೆ ಎರಡು ನಿಮಿಷ, ಭಾನುವಾರ ಸಂಜೆ ಎರಡು ನಿಮಿಷ.

"ಅಕ್ಕ, ಉದ್ದ ಕತ್ತಿನ ಡೈನೋಸಾರ್ ನೀನೇ ಇಟ್ಕೋ. ಚೀಲದಲ್ಲಿ ಹಿಡೀತಿಲ್ಲ," ಎಂದ ಜೀರುಂಡೆ.

ಕಡ್ಡಿಗೆ ತಡೆಯಲಾರದಷ್ಟು ಅಳು ಬಂತು. ಮೂಗು ಸೋರುತ್ತಿದೆ ಎಂದು ಸುಳ್ಳು ಹೇಳಿ ಅಡುಗೆಮನೆಗೆ ಓಡಿದಳು.

"ಅಮ್ಮಾ, ಈ ಪೇಪರ್ ಬೇಡ. ಇದು ಸರಿ ಇಲ್ಲ. ಎಲ್ಲರೂ ಬೇರೆ ಬೇರೆ ಆಗಿಹೋಗ್ತೀವಿ!"

ಅಮ್ಮ ಸೌಟು ಕೆಳಗಿಟ್ಟು ಅವಳ ತಲೆ ಸವರಿದಳು. "ನಾನೂ ಅಪ್ಪನೂ ಮತ್ತೆ ಒಟ್ಟಿಗೆ ಇರಲಿ ಅಂತ ತಾನೆ ನಿನ್ನ ಆಸೆ? ಅದು ಆಗಲ್ಲ ಕಂದ. ಬೇರೆ ಏನು ಬೇಕಾದ್ರೂ ಕೇಳು."

"ಅದಲ್ಲಮ್ಮಾ—"

"ಪ್ಲೀಸ್ ಕಂದ. ಇವತ್ತು ಬೇಡ." ಅಮ್ಮನ ಕಣ್ಣು ಆಗಲೇ ತುಂಬಿತ್ತು. ಕಡ್ಡಿ ಫೋನ್ ಎತ್ತಿಕೊಂಡು ಹೊರಬಂದಳು.

ಅಪ್ಪನಿಗೆ ಫೋನ್ ಮಾಡಿದರೆ ಅವನು ಯಾವುದೋ ಕಟ್ಟಡದ ಎಂಟನೇ ಮಹಡಿಯಲ್ಲಿದ್ದ. ಹಿಂದೆ ಸುತ್ತಿಗೆ ಸದ್ದು. "ಪೇಪರ್ ವಿಷಯನಾ? ಲಾಯರ್‌ಗಳು ನಾಲ್ಕು ಸಲ ನೋಡಿದಾರೆ ಮಗಳೇ. ನೀನು ತಲೆ ಕೆಡಿಸ್ಕೋಬೇಡ. ಲಿಫ್ಟಲ್ಲಿ ಜನ ಸಿಕ್ಕಾಕೊಂಡಿದಾರೆ, ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟ.

ದೊಡ್ಡವರಿಗೆ ಎಲ್ಲಕ್ಕೂ ಸಮಯ ಇರುತ್ತದೆ, ಕಿವಿಗೆ ಮಾತ್ರ ಬಿಡುವಿರುವುದಿಲ್ಲ. ಕಡ್ಡಿಗೆ ಈಗ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಮಂಗಳವಾರ ಎಲ್ಲರ ಮುಂದೆಯೇ ಕ್ಯಾಲೆಂಡರ್ ಬಿಚ್ಚಿ ತೋರಿಸುತ್ತೇನೆ ಎಂದು ಹಟ ತೊಟ್ಟಳು.

ಮಂಗಳವಾರ ಬಂತು. ಜೀರುಂಡೆಯ ಒಂದು ಶೂ ಸಿಗಲಿಲ್ಲ, ಬಸ್ಸು ಬೇಗ ಬಂತು, ಎಲ್ಲರೂ ಬಿದ್ದಂಬೀಳ ಓಡಿದರು. ಅರ್ಧ ದಾರಿಯಲ್ಲಿ ಕಡ್ಡಿಗೆ ನೆನಪಾಯಿತು. ಕ್ಯಾಲೆಂಡರ್ ಮನೆಯಲ್ಲೇ ಉಳಿದಿತ್ತು.

ಕೋರ್ಟಿನ ಪಕ್ಕದ ಕಟ್ಟಡದಲ್ಲಿ ಒಂದು ಕೋಣೆ. ದುಂಡು ಮೇಜು, ಕುರ್ಚಿಗಳು, ನೀರಿನ ಜಗ್ಗು. ಒಳಗೆ ಬೆಳ್ಳಿ ಕೂದಲಿನ ಒಬ್ಬ ಮೇಡಂ ಇದ್ದರು. ಮಕ್ಕಳಿಬ್ಬರನ್ನೇ ಮೊದಲು ಕರೆಸಿಕೊಂಡರು.

"ನಿಮ್ಮ ಸುತ್ತಿಗೆ ಎಲ್ಲಿ?" ಎಂದ ಜೀರುಂಡೆ.

"ಸುತ್ತಿಗೆ ಇಲ್ಲಪ್ಪ. ನಾನು ಜಡ್ಜ್ ಅಲ್ಲ, ಮಧ್ಯಸ್ಥಗಾರ್ತಿ. ಮಾತು ಬಿಟ್ಟೋರನ್ನ ಕೂರಿಸಿ ಮಾತಾಡಿಸೋದು ನನ್ನ ಕೆಲಸ," ಎಂದು ಅವರು ನಕ್ಕರು. "ಅಪ್ಪ ಬೇಕಾ ಅಮ್ಮ ಬೇಕಾ ಅಂತ ನಾನು ಕೇಳಲ್ಲ. ಅದನ್ನ ನೀವು ಆರಿಸಬೇಕಾಗಿಲ್ಲ. ಆದ್ರೆ ನಿಮಗೆ ಹೇಳೋದೇನಾದ್ರೂ ಇದ್ರೆ ಪೂರ್ತಿ ಕೇಳ್ತೀನಿ."

ಪೂರ್ತಿ ಕೇಳುತ್ತೇನೆ ಎಂದವರು ಇವರೊಬ್ಬರೇ. ಕಡ್ಡಿ ಎದ್ದು ನಿಂತಳು.

"ಹೇಳಕ್ಕಾಗಲ್ಲ ಮೇಡಂ. ತೋರಿಸ್ತೀನಿ. ಎಲ್ಲರನ್ನೂ ಕರೀತೀರಾ?"

ಮೇಡಂ ಅವಳ ಮುಖವನ್ನೇ ಒಂದು ಕ್ಷಣ ನೋಡಿ, ಎದ್ದುಹೋಗಿ ಬಾಗಿಲು ತೆರೆದರು.

ಅಪ್ಪ, ಅಮ್ಮ, ಇಬ್ಬರು ಲಾಯರ್‌ಗಳು ಒಳಗೆ ಬಂದರು. ಕಡ್ಡಿ ಒಂದು ಕುರ್ಚಿಯನ್ನು ಕೋಣೆಯ ಈ ಮೂಲೆಗೆ ಎಳೆದಳು, ಇನ್ನೊಂದನ್ನು ಆ ಮೂಲೆಗೆ.

"ಅಮ್ಮ ಇಲ್ಲಿ ಕೂತ್ಕೋ. ಇದು ಅಮ್ಮನ ಮನೆ. ಅಪ್ಪ ಅಲ್ಲಿ. ಅದು ಅಪ್ಪನ ಮನೆ. ಜೀರುಂಡೆ, ನೀನು ಅಪ್ಪನ ಹತ್ರ ನಿಂತ್ಕೋ. ನಾನು ಅಮ್ಮನ ಹತ್ರ. ಲಾಯರ್ ಆಂಟಿ, ನೀವು ವಾರದ ಹೆಸರು ಹೇಳ್ತಾ ಹೋಗಿ."

ಅಮ್ಮನ ಲಾಯರ್ ಆಂಟಿ ಬೆಳ್ಳಿ ಕೂದಲಿನ ಮೇಡಂ ಕಡೆ ನೋಡಿದರು. ಹೇಳಿ ಎಂಬಂತೆ ಮೇಡಂ ಕೈಯಾಡಿಸಿದರು.

"ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ... ಶನಿವಾರ."

"ಓಡು!" ಎಂದಳು ಕಡ್ಡಿ.

ಜೀರುಂಡೆ ಅಮ್ಮನ ಕಡೆ ಓಡಿದ, ಕಡ್ಡಿ ಅಪ್ಪನ ಕಡೆ. ಕೋಣೆಯ ನಡುವೆ ಇಬ್ಬರೂ ಎದುರಾದಾಗ ಅವನು ಕೈ ಬೀಸಿ, "ಟಾಟಾ ಅಕ್ಕ!" ಎಂದ. ಎಲ್ಲರೂ ನಕ್ಕರು.

"ಭಾನುವಾರ ಸಂಜೆ."

ಮತ್ತೆ ಓಟ. "ಟಾಟಾ ಅಕ್ಕ!" ಅಪ್ಪ ಜೋರಾಗಿ ನಕ್ಕ.

ಮುಂದಿನ ವಾರ, ಅದರ ಮುಂದಿನ ವಾರ. ಮೂರನೇ ವಾರಕ್ಕೆ ನಗು ಸಣ್ಣದಾಯಿತು. "ಈಗ ದೊಡ್ಡ ರಜೆ," ಎಂದಳು ಕಡ್ಡಿ. ಮತ್ತೆ ನಡುವೆ ಎದುರಾದರು, ಮತ್ತೆ ಬೇರೆಯಾದರು. ಈಗ ಯಾರೂ ನಗುತ್ತಿರಲಿಲ್ಲ. ಲಾಯರ್ ಆಂಟಿಯ ದನಿಯೂ ತಗ್ಗಿತ್ತು.

ಜೀರುಂಡೆ ಕೋಣೆಯ ನಡುವೆ ನಿಂತುಬಿಟ್ಟ. ಏದುಸಿರು ಬಿಡುತ್ತಾ, "ಅಕ್ಕ, ನಾವಿಬ್ರೂ ಒಂದೇ ಕುರ್ಚಿಗೆ ಹೋಗೋದು ಯಾವಾಗ?" ಎಂದು ಕೇಳಿದ.

"ಯಾವಾಗಲೂ ಇಲ್ಲ ಕಣೋ," ಎಂದಳು ಕಡ್ಡಿ. ಆಮೇಲೆ ದೊಡ್ಡವರ ಕಡೆ ತಿರುಗಿದಳು. "ಈ ಪೇಪರ್‌ನಲ್ಲಿ ಅಂಥ ದಿನ ಒಂದೂ ಇಲ್ಲ. ನಾನು ವರ್ಷಪೂರ್ತಿ ನೋಡಿದೆ. ಅಪ್ಪ ಅಮ್ಮ ಒಟ್ಟಿಗಿರಿ ಅಂತ ನಾನು ಕೇಳ್ತಿಲ್ಲ. ನಮ್ಮಿಬ್ಬರನ್ನ ಯಾಕೆ ಬೇರೆ ಮಾಡ್ತೀರಾ? ನಾವು ಡೈವೋರ್ಸ್ ಕೇಳಿಲ್ಲ!"

ಇಬ್ಬರು ಲಾಯರ್‌ಗಳೂ ಹಾಳೆ ತಿರುವಿದ್ದೇ ತಿರುವಿದ್ದು.

"ಶನಿವಾರ ಮಗ ಬೇಕು ಅಂದಿದ್ದು ನೀವೇ ಅಲ್ವಾ?" ಎಂದು ಲಾಯರ್ ಆಂಟಿ ಅಮ್ಮನನ್ನು ಕೇಳಿದರು.

"ಅಂದೆ. ವಾರವೆಲ್ಲ ಮಗಳು, ಶನಿವಾರ ಭಾನುವಾರ ಮಗ, ಇಬ್ಬರೂ ನನಗೆ ಸಿಗ್ತಾರೆ ಅಂತಷ್ಟೇ ನೋಡಿದೆ," ಎಂದಳು ಅಮ್ಮ.

"ನಾನೂ ಅಷ್ಟೇ ನೋಡಿದ್ದು. ಇಬ್ಬರೂ ನನಗೂ ಸಿಗ್ತಾರೆ ಅಂತ," ಎಂದ ಅಪ್ಪ.

ನಾಲ್ಕು ತಿಂಗಳಲ್ಲಿ ಅವರಿಬ್ಬರೂ ಒಂದೇ ಮಾತು ಆಡಿದ್ದು ಇದೇ ಮೊದಲು. ಇಬ್ಬರೂ ತಂತಮ್ಮ ಮನೆಯ ಲೆಕ್ಕ ಹಾಕಿದ್ದರು. ಎರಡೂ ಮನೆಯನ್ನು ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಮೇಡಂ ಆ ಮೂರು ಹಾಳೆಯನ್ನು ಎತ್ತಿ, ಸರಕ್ಕನೆ ಉದ್ದಕ್ಕೆ ಹರಿದರು. "ಇದು ಕರಡು ತಾನೆ? ಸೈನ್ ಬಿದ್ದಿಲ್ಲ. ಕೂತ್ಕೊಳ್ಳಿ, ಹೊಸದು ಬರೆಯೋಣ."

"ಅಕ್ಕ, ನಾವು ಗೆದ್ವಾ?" ಎಂದು ಜೀರುಂಡೆ ಪಿಸುಗುಟ್ಟಿದ.

"ಗೆದ್ವಿ!" ಎಂದಳು ಕಡ್ಡಿ. ಅವನು ಕುಣಿದ ಕುಣಿತಕ್ಕೆ ಮೇಜಿನ ಮೇಲಿನ ಜಗ್ಗು ಉರುಳಿ ಅಪ್ಪನ ಲಾಯರ್ ಅಂಕಲ್ ಪ್ಯಾಂಟು ತೊಯ್ದು ತೊಪ್ಪೆಯಾಯಿತು. ಅವರು ಬೈಯಲಿಲ್ಲ. "ಈ ಹುಡುಗಿ ಮುಂದೆ ಲಾಯರ್ ಆದ್ರೆ ನಾವೆಲ್ಲ ಅಂಗಡಿ ಮುಚ್ಚಬೇಕಾಗುತ್ತೆ," ಎಂದು ಕರ್ಚೀಫಿನಿಂದ ಒರೆಸಿಕೊಂಡರು. ಕಡ್ಡಿ ಒಂದಿಂಚು ಉದ್ದವಾದಳು.

ಎರಡು ಗಂಟೆ ಹಿಡಿಯಿತು. ಅಪ್ಪ ಅಮ್ಮ ನಡುವೆ ಎರಡು ಸಲ ಸಣ್ಣ ಜಗಳವೂ ಆಯಿತು, ಮೇಡಂ ಎರಡು ಸಲವೂ ನೀರು ಕುಡಿಸಿದರು. ಕೊನೆಗೆ ಹೊಸ ಕಾಗದ ಸಿದ್ಧವಾಯಿತು. ಮಕ್ಕಳಿಬ್ಬರೂ ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಇಬ್ಬರಿಗೂ ಈಗಿನ ಶಾಲೆಯೇ. ತನ್ನ ವಾರದಲ್ಲಿ ಅಪ್ಪ ಬೆಳಗ್ಗೆ ಬೇಗ ಎದ್ದು ಪಟ್ಟಣ ದಾಟಿ ಶಾಲೆಗೆ ಬಿಡಬೇಕು. ಮೂರು ತಿಂಗಳಾದ ಮೇಲೆ ಎಲ್ಲರೂ ಮತ್ತೆ ಕೂತು ನೋಡಬೇಕು. ಹದಿನೈದು ದಿನಕ್ಕೆ ಜಡ್ಜ್ ಕೂಡ ಅದನ್ನು ಒಪ್ಪಿ ಆರ್ಡರ್ ಕೊಟ್ಟರು.

ಮೊದಲ ಶನಿವಾರ ಬೆಳಗ್ಗೆ ಅಪ್ಪ ಗೇಟಿನ ಮುಂದೆ ಕಂಪನಿಯ ವ್ಯಾನು ನಿಲ್ಲಿಸಿ ಹಾರ್ನ್ ಹೊಡೆದ. ಅಕ್ಕ ತಮ್ಮ ಎರಡು ಚೀಲ ಹೊತ್ತುಕೊಂಡು ಒಟ್ಟಿಗೇ ಹೊರಬಿದ್ದರು. ಕಡ್ಡಿಗೆ ಕೇಕೆ ಹಾಕುವಷ್ಟು ಖುಷಿ. ವ್ಯಾನು ಹತ್ತಿ ಕೂತು ತಿರುಗಿ ನೋಡಿದಳು.

ಅಮ್ಮ ಗೇಟು ಹಿಡಿದುಕೊಂಡು ನಿಂತಿದ್ದಳು. ನಗುತ್ತಿದ್ದಳು, ಕೈ ಬೀಸುತ್ತಿದ್ದಳು. ಅವಳ ಹಿಂದೆ ಬಾಗಿಲು ತೆರೆದಿತ್ತು, ಒಳಗೆ ಸದ್ದೇ ಇರಲಿಲ್ಲ.

ಆ ಹಳೇ ಕಾಗದದಲ್ಲಿ ಒಂದು ದಿನವೂ ಯಾರ ಮನೆಯೂ ಖಾಲಿ ಇರುತ್ತಿರಲಿಲ್ಲ ಎಂದು ಕಡ್ಡಿಗೆ ಆಗ ಹೊಳೆಯಿತು. ಅಮ್ಮನ ಹತ್ತಿರ ಯಾವಾಗಲೂ ಒಬ್ಬರು ಇರುತ್ತಿದ್ದರು, ಅಪ್ಪನ ಹತ್ತಿರವೂ ಒಬ್ಬರು. ಈಗ ವಾರಕ್ಕೊಬ್ಬರು ಒಂಟಿ. ಅದು ಗೊತ್ತಿದ್ದೇ ಅವರಿಬ್ಬರೂ ಹೊಸ ಕಾಗದಕ್ಕೆ ಸೈನ್ ಹಾಕಿದ್ದರು.

"ಅಪ್ಪ, ಒಂದು ನಿಮಿಷ!"

ಅವಳು ವ್ಯಾನಿನಿಂದ ಧುಮುಕಿ ಓಡಿದಳು. ಏನಾಯಿತೆಂದು ಗೊತ್ತಾಗದಿದ್ದರೂ ಜೀರುಂಡೆಯೂ ಹಿಂದೆಯೇ ಓಡಿದ. ಇಬ್ಬರೂ ಒಟ್ಟಿಗೆ ಡಿಕ್ಕಿ ಹೊಡೆದ ರಭಸಕ್ಕೆ ಅಮ್ಮ ಗೇಟಿಗೆ ಆತುಕೊಂಡಳು. ಅಪ್ಪ ಎಂಜಿನ್ ಆಫ್ ಮಾಡಿ ಕಾದ.