ಸುರಂಗದಿಂದ ಬಂದ ಉತ್ತರ

ಕಿತ್ತಳೆ ತೋಟಗಳಿಗೆ ನೀರುಣಿಸುವ ನಮ್ಮ ಕಾಲುವೆಗೆ ನೂರು ವರ್ಷ ತುಂಬಿದಾಗ ಅದರ ಚರಿತ್ರೆ ಬರೆಯಲು ನಾನು ಒಪ್ಪಿದ್ದು ತಾತನ ಸಲುವಾಗಿ. ತಾತ ತೂಬು ಕಾಯುತ್ತಿದ್ದವರು. ಕಾಲುವೆ ಹಾದುಹೋಗುವ ಸುರಂಗದ ಬಾಯಿ ತೂಬಿನಿಂದ ಕಾಣುವುದಿಲ್ಲ. ಹಾಗಾಗಿ ತೂಬು ಕಾಯುವವನು ಕಬ್ಬಿಣದ ಹಳಿಗೆ ಮೂರು ಏಟು ಹೊಡೆಯಬೇಕು, ಸುರಂಗದಲ್ಲಿ ಹೂಳೆತ್ತುವವರು ಹೊರಗೆ ಬಂದೆವೆಂದು ಕೂಗಿದ ಮೇಲೆಯೇ ನೀರು ಬಿಡಬೇಕು. ಒಮ್ಮೆ ತಾತ ಬಿಟ್ಟ ನೀರಿಗೆ ಒಳಗಿದ್ದ ಏಳು ಜನ ಸತ್ತರು. "ಅವರು ಕೂಗಿದ್ದು ನಾನು ಕೇಳಿದೆ" ಎಂದು ಸಾಯುವವರೆಗೂ ಹೇಳಿದರು. ಯಾರೂ ನಂಬಲಿಲ್ಲ.

ಒಳಗಿದ್ದವರಿಗೆ ಆ ಏಟು ಕೇಳಿಸುತ್ತಿತ್ತೇ ಎಂದು ತಿಳಿಯಲು ಈ ವರ್ಷ ಹೂಳೆತ್ತಿ ಮುಗಿದ ಮಧ್ಯಾಹ್ನ ನಾನೇ ಸುರಂಗಕ್ಕೆ ಇಳಿದೆ. ಈಗ ತೂಬು ಕಾಯುವವನು ನನ್ನ ಸೋದರಮಾವ.

"ಹೊರಗೆ ಬಂದು ಕೂಗು ಅಳಿಯ, ಆಮೇಲೆ ನೀರು ಬಿಡ್ತೀನಿ. ಇಲ್ಲಾಂದ್ರೆ ಪುಸ್ತಕದಲ್ಲಿ ನಿನ್ನನ್ನೂ ಸೇರಿಸ್ಬೇಕಾಗುತ್ತೆ" ಎಂದು ನಕ್ಕ.

ಒಳಗೆ ಕೆಸರು ಪೂರ್ತಿ ಒಣಗಿತ್ತು. ಹೂ ಬಿಡುವ ಕಾಲವಲ್ಲದಿದ್ದರೂ ಕಿತ್ತಳೆ ಹೂವಿನ ವಾಸನೆ ಮೂಗಿಗೆ ಅಡರಿತು. ಮೂರು ಏಟು ಸ್ಪಷ್ಟವಾಗಿ ಕೇಳಿಸಿದವು. ನಾನು ತುಟಿ ಬಿಚ್ಚಲಿಲ್ಲ. ಬೇರೆ ಯಾವ ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಪಾದ ತಣ್ಣಗಾಯಿತು. ಬಗ್ಗಿ ಮುಟ್ಟಿದರೆ ನೀರು. ಎದ್ದುಬಿದ್ದು ಹೊರಗೆ ಓಡಿ ದಂಡೆ ಹತ್ತಿದೆ.

ನನ್ನ ಒದ್ದೆ ಕಾಲು ಕಂಡು ಮಾವ ತೂಬಿನ ಚಕ್ರ ತಿರುಗಿಸುವುದನ್ನು ನಿಲ್ಲಿಸಿದ.

"ನಾನು ಕೂಗೇ ಇಲ್ಲ, ಮಾವ."

"ನಿನ್ನ ದನಿ ನಂಗೆ ಗೊತ್ತಾಗಲ್ವಾ?" ಅವನು ಚಕ್ರವನ್ನು ಹಿಂದಕ್ಕೆ ತಿರುಗಿಸತೊಡಗಿದ. "ತಮಾಷೆ ಮಾಡ್ತಿದ್ದೀಯ ಅಂದ್ಕೊಂಡೆ. ನೀನೇ 'ಎಂಟೂ ಜನ ಹೊರಗೆ ಬಂದ್ವಿ, ನೀರು ಬಿಡು' ಅಂದೆ."